ಗಾಳಿಗೆ ಎದೆಯೊಡ್ಡಿದವನ ಹಕ್ಕು

ನನ್ನ ಅಕ್ಕನ ಮಗನಿಗೆ ಈಗ ಹದಿನಾರು ವರ್ಷ. ತರೀಕೆರೆಯಲ್ಲಿ ಪಿಯುಸಿ ಮೊದಲ ವರ್ಷದಲ್ಲಿದ್ದಾನೆ. ಎರಡು ವರ್ಷಗಳಿಂದ ಅವನಿಗೆ ಸೈಕಲ್ ರೇಸಿನ ಹುಚ್ಚು. ಹುಚ್ಚು ಎಂಬುದು ಅವನ ತಾಯಿಯ ಮಾತು, ನಾನು ಹಾಗೆನ್ನಲಾರೆ. ಫಜ್ರ್ ನಮಾಝ್ ಮುಗಿಸಿ ಲಿಂಗದಹಳ್ಳಿ ರಸ್ತೆಗೆ ಹೊರಟನೆಂದರೆ ಬಿಸಿಲೇರುವ ಹೊತ್ತಿಗೆ ಮನೆ ಸೇರುತ್ತಾನೆ. ಕಲ್ಲತ್ತಿಗಿರಿಯ ತನಕ ಎಲ್ಲಿಯೂ ಕಾಲು ಕೆಳಗಿಡದೆ ಏರಿದೆನೆಂದು ಒಂದು ದಿನ ಫೋನು ಮಾಡಿ ಹೇಳಿದಾಗ ಅವನ ದನಿಯಲ್ಲಿದ್ದ ಸಂಭ್ರಮ ಇನ್ನೂ ನನ್ನ ಕಿವಿಯಲ್ಲಿದೆ.

ಆದರೆ ಇತ್ತೀಚೆಗೆ ಕಡೂರಿನ ನಮ್ಮ ಮನೆಗೆ ಬಂದವನು ಸಪ್ಪಗಿದ್ದ. ಊಟವಾದ ಮೇಲೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತ.

"ಮಾಮೂ, ನಿಮ್ಮನ್ನು ಒಂದು ಮಾತು ಕೇಳಬೇಕು. ಅಮ್ಮೀಗೆ ಹೇಳಬೇಡಿ."

ವಿಷಯ ಇಷ್ಟೇ. ಹತ್ತಿರದ ಊರೊಂದರಲ್ಲಿ ಹುಡುಗರಿಗಾಗಿ ಇಪ್ಪತ್ತು ಕಿಲೋಮೀಟರಿನ ರೇಸ್ ಇಟ್ಟಿದ್ದರು. ಇವನೂ, ಇವನ ಜೊತೆ ದಿನವೂ ಅಭ್ಯಾಸ ಮಾಡುವ ಗೆಳೆಯನೂ ಅರ್ಧ ದಾರಿಯಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿದರು. ಅಲ್ಲಿಂದ ಕೊನೆಯವರೆಗೂ ಗೆಳೆಯನೇ ಮುಂದೆ ತುಳಿದ. ಇವನು ಅವನ ಹಿಂಚಕ್ರಕ್ಕೆ ಅಂಟಿಕೊಂಡಂತೆ ಹಿಂದೆಯೇ ಇದ್ದ. ಗೆರೆ ಇನ್ನೇನು ನೂರು ಮೀಟರ್ ಇದೆ ಎನ್ನುವಾಗ ಪಕ್ಕಕ್ಕೆ ಸರಿದು, ಎದ್ದು ನಿಂತು ತುಳಿದು ಗೆದ್ದ. ಬಹುಮಾನವಾಗಿ ಹೆಲ್ಮೆಟ್ ಕೊಟ್ಟರು. ಮರುದಿನದಿಂದ ಗೆಳೆಯ ಅಭ್ಯಾಸಕ್ಕೆ ಬರುತ್ತಿಲ್ಲ.

"ರೂಲ್ಸ್ ಪ್ರಕಾರ ತಪ್ಪೇನೂ ಇಲ್ಲ ಮಾಮೂ. ಹೇಳಿಕೊಡುವವರು ಕೂಡ ಜಾಣ ಅಂದರು. ಆದರೆ ಆ ಹೆಲ್ಮೆಟ್ ತಲೆಗೆ ಹಾಕಿಕೊಳ್ಳೋಕೆ ಮನಸ್ಸು ಬರ್ತಿಲ್ಲ. ನಾನು ಮಾಡಿದ್ದು ಸರಿಯಾ, ತಪ್ಪಾ?"

ಯೋಚಿಸಿ ಹೇಳುತ್ತೇನೆ ಎಂದೆ. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ನಾವು ದೊಡ್ಡವರು ಸಾಮಾನ್ಯವಾಗಿ ಯೋಚಿಸುವುದಿಲ್ಲ, ಗಾದೆಯೋ ಉಪದೇಶವೋ ಹೇಳಿ ಕಳಿಸಿಬಿಡುತ್ತೇವೆ. ಈ ಸಲ ನನಗೆ ಅದು ಸಾಧ್ಯವಾಗಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಇದೇ ರಸ್ತೆಗಳಲ್ಲಿ ಇದೇ ಪ್ರಶ್ನೆಯನ್ನು ನಾನು ಬಿಟ್ಟು ಬಂದಿದ್ದೆ.

ಸೈಕಲ್ ರೇಸನ್ನು ದಾರಿಬದಿಯಲ್ಲಿ ನಿಂತು ನೋಡುವವರಿಗೆ ಅದು ಕಾಲುಗಳ ಆಟ. ತುಳಿಯುವವರಿಗೆ ಅದು ಗಾಳಿಯ ಆಟ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35-40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಿ ಹೋಗಲು ಎಂಟು ಪಟ್ಟು ಶಕ್ತಿ ಬೇಕಾಗುತ್ತದೆ. ಆದರೆ ಮುಂದಿನ ಸವಾರನ ಬೆನ್ನಿಗೆ ಅಂಟಿ ಸಾಗುವವನಿಗೆ ಈ ತಡೆ ಬಹಳ ಕಡಿಮೆ. ಮುಂದಿನವನು ಸೀಳಿದ ಗಾಳಿಯ ಓಣಿಯಲ್ಲಿ ಇವನು ನುಸುಳುತ್ತಾನೆ. ಅಷ್ಟೇ ವೇಗಕ್ಕೆ ಇವನಿಗೆ ಸುಮಾರು ಮೂರನೆಯ ಒಂದು ಭಾಗ ಶ್ರಮ ಉಳಿಯುತ್ತದೆ. ಹಾಗಾಗಿಯೇ ದೊಡ್ಡ ರೇಸುಗಳಲ್ಲಿ ಸವಾರರು ಗುಂಪಾಗಿ ಸಾಗುತ್ತಾರೆ. ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋದ ಇಬ್ಬರು ಮೂವರು ಸರದಿಯ ಮೇಲೆ ಮುಂದೆ ಬಂದು ಗಾಳಿಗೆ ಎದೆ ಕೊಡುತ್ತಾರೆ. ಹೀಗೆಂದು ಯಾವ ನಿಯಮವೂ ಕಡ್ಡಾಯ ಮಾಡಿಲ್ಲ. ಅದು ಸವಾರರ ನಡುವಿನ ಮರ್ಯಾದೆ.

ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ನಕ್ಷೆಯಲ್ಲಿ ಈ ಮೂರು ಊರುಗಳು ಒಂದು ತ್ರಿಕೋನ. ಕಡೂರಿನಿಂದ ನೇರ ಉತ್ತರಕ್ಕೆ ಅಜ್ಜಂಪುರ, ಅಲ್ಲಿಂದ ನೇರ ಪಶ್ಚಿಮಕ್ಕೆ ತರೀಕೆರೆ. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಬೆಟ್ಟ ದಾಟಿ ಬರುವ ಪಡುವಣ ಗಾಳಿ ಈ ಬಯಲಿನಲ್ಲಿ ಬೀಸುವ ರಭಸ ನೋಡಿದವರಿಗೇ ಗೊತ್ತು. ಮಳೆ ತರೀಕೆರೆಯ ಅಡಿಕೆ ತೋಟದಲ್ಲೇ ಉಳಿದುಬಿಡುತ್ತದೆ, ನಮ್ಮ ಕಡೂರಿನ ತೆಂಗಿಗೂ ಅಜ್ಜಂಪುರದ ಈರುಳ್ಳಿ ಹೊಲಗಳಿಗೂ ಬರುವುದು ಬರೀ ಗಾಳಿ. ಆ ದಿನಗಳಲ್ಲಿ ಅಜ್ಜಂಪುರದಿಂದ ತರೀಕೆರೆಗೆ ಸೈಕಲ್ ತುಳಿಯುವುದೆಂದರೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ ಒಂದು ಗೋಡೆಯನ್ನು ತಳ್ಳುತ್ತಾ ಹೋದಂತೆ.

ನಾವು ರೇಸಿಗೆ ಇಳಿದದ್ದು ಬಾಡಿಗೆ ಸೈಕಲ್ಲುಗಳಿಂದ. ತೊಂಬತ್ತರ ದಶಕದಲ್ಲಿ ಪ್ರತಿ ಊರಿನ ಬಸ್ ನಿಲ್ದಾಣದ ಹತ್ತಿರವೂ ಸೈಕಲ್ ಶಾಪ್ ಇರುತ್ತಿತ್ತು. ಗಂಟೆಗಿಷ್ಟು ಎಂದು ಬಾಡಿಗೆ. ಚಾಚಾ ನೋಟ್‌ಬುಕ್ಕಿನಲ್ಲಿ ಹೆಸರು, ಸಮಯ ಬರೆದುಕೊಂಡು ಗಾಳಿ ಒತ್ತಿ ನೋಡಿ ಸೈಕಲ್ ಕೊಡುತ್ತಿದ್ದರು. ಹೀರೋ, ಅಟ್ಲಾಸ್, ಹರ್ಕ್ಯುಲಿಸ್, ಯಾವುದಾದರೂ ಹತ್ತಿರ ಹತ್ತಿರ ಇಪ್ಪತ್ತು ಕೆಜಿ ತೂಕದ ಕಬ್ಬಿಣ. ಇವತ್ತು ಅಂತಾರಾಷ್ಟ್ರೀಯ ರೇಸಿಗೆ ಇಳಿಸುವ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದೆಂದು ನಿಯಮವೇ ಇದೆ. ಅಂದರೆ ಅಂಥ ಮೂರು ಸೈಕಲ್ಲಿನ ಭಾರದ ಒಂದು ಸೈಕಲ್ಲಿನ ಮೇಲೆ ನಾವು ರೇಸು ಕಲಿತೆವು. ಊರಿನ ಮೈದಾನಕ್ಕೆ ವರ್ಷಕ್ಕೊಮ್ಮೆ ಬಂದು, ಏಳು ಹಗಲು ಏಳು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ ಸೈಕಲ್ ಸರ್ಕಸ್ಸಿನವನೇ ನಮಗೆಲ್ಲ ವೀರ.

ನಮ್ಮ ರೇಸಿಗೂ ಒಂದು ಶರತ್ತು ಇತ್ತು. ಸೋತವನು ಇಬ್ಬರ ಬಾಡಿಗೆಯನ್ನೂ ಕೊಡಬೇಕು. ಉರ್ದು ಶಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಉಸ್ತಾದರಿಗೆ ಇದು ಗೊತ್ತಾಯಿತು. ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಓಟದಲ್ಲಿ ಸ್ಪರ್ಧಿಸುವುದು ಒಳ್ಳೆಯದು, ನೋಡುವ ಮೂರನೆಯವರು ಬಹುಮಾನ ಕೊಟ್ಟರೆ ಅದೂ ಸರಿ, ಆದರೆ ಇಬ್ಬರೂ ಹಣ ಒಡ್ಡಿ ಸೋತವನದ್ದನ್ನು ಗೆದ್ದವನು ತಿಂದರೆ ಅದು ಜೂಜು ಎಂದರು. ಪ್ರವಾದಿ(ಸ)ರವರೇ ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದ್ದನ್ನು ಆ ದಿನ ನಾನು ಮೊದಲು ಕೇಳಿದ್ದು. ಪಳಗಿಸಿ ಸಿದ್ಧಪಡಿಸಿದ ಕುದುರೆಗಳಿಗೆ ಹಫ್ಯಾ ಎಂಬಲ್ಲಿಂದ ಸನಿಯ್ಯತುಲ್ ವದಾವರೆಗೆ ದೂರದ ಓಟ. ಹಾಗೆ ಸಿದ್ಧಪಡಿಸದ ಕುದುರೆಗಳಿಗೆ ಸನಿಯ್ಯಾದಿಂದ ಬನೂ ಝುರೈಕ್ ಮಸೀದಿಯವರೆಗೆ ಹತ್ತಿರದ ಓಟ. ಯುವಕ ಅಬ್ದುಲ್ಲಾ ಇಬ್ನ್ ಉಮರ್(ರ) ಅದರಲ್ಲಿ ಪಾಲ್ಗೊಂಡಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ಈಗ ಆ ಪಾಠ ನೆನೆದರೆ ಅನಿಸುತ್ತದೆ, ಹೊಸಬನನ್ನು ಹಳಬನ ಜೊತೆ ಓಡಿಸಿ ಸೋಲಿಸುವುದು ಓಟವಲ್ಲ ಎಂಬ ತಿಳಿವಳಿಕೆ ಎಷ್ಟು ಹಳೆಯದು! ಇವತ್ತಿನ ಸೈಕಲ್ ರೇಸಿನಲ್ಲಿ ಹದಿನೆಂಟರ ಒಳಗಿನವರಿಗೆ ಬೇರೆ ವರ್ಗ, ಬೇರೆ ದೂರ ಇಡುವುದರ ಹಿಂದಿರುವುದೂ ಅದೇ ನ್ಯಾಯ.

1996ರ ಆಗಸ್ಟ್ 15ರಂದು ಯುವಕರ ಸಂಘವೊಂದು ಅಜ್ಜಂಪುರದಿಂದ ತರೀಕೆರೆಗೆ ಸೈಕಲ್ ರೇಸ್ ಇಟ್ಟಿತ್ತು. ನನಗಾಗ ಹದಿನಾರು. ನನ್ನ ಕೆಳಗೆ ಸ್ವಂತ ಸೈಕಲ್ ಇತ್ತು. ಅದು ಹೇಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ನನ್ನ ಗೆಳೆಯ ಅಜ್ಜಂಪುರದವನು, ಅವನ ಅಪ್ಪ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದರು. ಅವನದು ಅರ್ಧ ದಿನದ ಬಾಡಿಗೆ ಸೈಕಲ್. ಊರು ದಾಟಿದ್ದೇ ಗಾಳಿ ಎದುರಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಬಿದ್ದರು. ಉಳಿದದ್ದು ನಾವಿಬ್ಬರೇ. ಅವನು ತಲೆ ತಗ್ಗಿಸಿ ಮುಂದೆ ತುಳಿಯುತ್ತಿದ್ದ, ನಾನು ಅವನ ಬೆವರಿಗೆ ಅಂಟಿದ ಅಂಗಿಯನ್ನೇ ನೋಡುತ್ತಾ ಹಿಂದಿದ್ದೆ. ಎರಡು ಸಲ ಅವನು ತಿರುಗಿ ನೋಡಿದ. ಸ್ವಲ್ಪ ಮುಂದೆ ಬಾ ಎನ್ನುವ ನೋಟವೆಂದು ನನಗೆ ಗೊತ್ತಾಯಿತು. ಗೊತ್ತಾಗದವನಂತೆ ಇದ್ದೆ. ತರೀಕೆರೆಯಲ್ಲಿ ಬಾವುಟ ಕಾಣಿಸಿದಾಗ ಅವನನ್ನು ದಾಟಿ ಗೆದ್ದೆ. ಅವನ ಕಾಲಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ವೇದಿಕೆ, ಹಾರ, ಸ್ಟೀಲಿನ ಟಿಫಿನ್ ಕ್ಯಾರಿಯರ್. ಮುಖ್ಯ ಅತಿಥಿಗಳು ಮೈಕ್ ಹಿಡಿದು, "ಇಂಥ ಗಾಳಿಯಲ್ಲಿ ಹೇಗಪ್ಪಾ ಬಂದೆ?" ಎಂದು ಕೇಳಿದರು. "ಧೈರ್ಯ ಮಾಡಿ ತುಳಿದೆ ಸಾರ್" ಎಂದೆ. ಜನ ಚಪ್ಪಾಳೆ ತಟ್ಟಿದರು. ಗೆಳೆಯ ಆ ಜನರ ನಡುವೆ ನಿಂತಿದ್ದ. ಸಂಜೆಯೊಳಗೆ ಸೈಕಲ್ ವಾಪಸು ಕೊಡಬೇಕಿತ್ತು, ಬೇಗ ಹೊರಟುಹೋದ.

ಈಗ ಪ್ರಶ್ನೆಗೆ ಬರೋಣ. ರೇಸಿನಲ್ಲಿ ಮೋಸ ಎಂಬುದು ಹೊಸದೇನಲ್ಲ. ಟೂರ್ ಡಿ ಫ್ರಾನ್ಸ್ ಆರಂಭವಾದದ್ದು 1903ರಲ್ಲಿ. ಅದರ ಮರುವರ್ಷವೇ, 1904ರಲ್ಲಿ, ಅಕ್ರಮಗಳಿಗಾಗಿ ಮೊದಲ ನಾಲ್ಕು ಸ್ಥಾನ ಪಡೆದವರೆಲ್ಲರನ್ನೂ ತಿಂಗಳುಗಳ ನಂತರ ಅನರ್ಹಗೊಳಿಸಲಾಯಿತು. ಐದನೆಯವನಾಗಿ ಬಂದಿದ್ದ ಆನ್ರಿ ಕಾರ್ನೆ ಎಂಬ ಹುಡುಗ ವಿಜೇತನಾದ. ರೇಸು ಮುಗಿದ ದಿನ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಆ ಟೂರಿನ ಚರಿತ್ರೆಯಲ್ಲಿ ಇವತ್ತಿಗೂ ಅವನೇ ಅತ್ಯಂತ ಕಿರಿಯ ವಿಜೇತ. ನಮ್ಮ ಕಾಲದಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದ. ಉದ್ದೀಪನ ಮದ್ದು ಸೇವಿಸಿದ್ದಕ್ಕಾಗಿ 2012ರಲ್ಲಿ ಏಳೂ ಪಟ್ಟಗಳನ್ನು ಕಳೆದುಕೊಂಡ. ಇವು ನೋವಿನ ಸಂಗತಿಗಳಾದರೂ ನೈತಿಕವಾಗಿ ಸುಲಭದವು. ನಿಯಮ ಇತ್ತು, ಮುರಿದರು, ಶಿಕ್ಷೆಯಾಯಿತು. ಅಲ್ಲಿ ಯಾವ ಹುಡುಗನೂ ಮಾಮನ ಹತ್ತಿರ ಬಂದು ಸರಿಯೋ ತಪ್ಪೋ ಎಂದು ಕೇಳಬೇಕಾಗಿಲ್ಲ.

ಕಷ್ಟದ ಪ್ರಶ್ನೆ ನಿಯಮದ ಒಳಗೇ ಇರುವಂಥದ್ದು. ಇನ್ನೊಬ್ಬನ ಹಿಂದೆ ಅವಿತು ಸಾಗುವುದಕ್ಕೆ ರಸ್ತೆ ರೇಸಿನಲ್ಲಿ ಅನುಮತಿ ಇದೆ. ಅದು ಆ ಆಟದ ಜೀವಾಳ ಕೂಡ. ಹಾಗಾದರೆ ಗೆದ್ದವನು ಯಾರಿಗಾದರೂ ಏನಾದರೂ ಬಾಕಿ ಕೊಡಬೇಕಾಗಿದೆಯೇ?

ಇಲ್ಲ ಎನ್ನುವವರ ವಾದವನ್ನು ಹಗುರವಾಗಿ ನೋಡಬಾರದು. ಮುಂದೆ ತುಳಿದವನನ್ನು ಯಾರೂ ಬಲವಂತ ಮಾಡಲಿಲ್ಲ. ಅವನು ವೇಗ ಇಳಿಸಿ ಇನ್ನೊಬ್ಬನನ್ನು ಮುಂದೆ ತಳ್ಳಬಹುದಿತ್ತು. ಹಿಂದಿದ್ದವನೂ ಸುಮ್ಮನೆ ಕೂತು ಬರಲಿಲ್ಲ, ಶಕ್ತಿಯಿಲ್ಲದವನು ಹಿಂದೆ ಕೂಡ ಉಳಿಯಲಾರ. ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು ಎಂಬ ಲೆಕ್ಕ ಬುದ್ಧಿಯ ಕೆಲಸ. ಅದಕ್ಕೂ ಬೆಲೆಯಿದೆ. ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾ ಕೂತರೆ ಅದು ಸ್ಪರ್ಧೆಯಾಗುವುದಿಲ್ಲ. ಹೊಸದಾಗಿ ಆಟಕ್ಕೆ ಬಂದ ಹುಡುಗನಿಗೆ ಮೊದಲ ದಿನವೇ ಅಪರಾಧ ಭಾವ ತುಂಬಿಸಿದರೆ ಅವನು ಆಟವನ್ನೇ ಬಿಟ್ಟಾನು.

ಈ ವಾದದಲ್ಲಿ ಸತ್ಯವಿದೆ. ಗೆಲ್ಲುವ ಆಸೆಯನ್ನು ನಮ್ಮ ಧರ್ಮವೂ ಕೆಟ್ಟದ್ದೆಂದು ಹೇಳಿಲ್ಲ. ಒಳಿತುಗಳಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಧಾವಿಸಿರೆಂದೇ ಕುರ್‌ಆನ್ ಕರೆಯುತ್ತದೆ. ಪ್ರವಾದಿ(ಸ) ಪ್ರಯಾಣವೊಂದರಲ್ಲಿ ಹಝ್ರತ್ ಆಯಿಶಾ(ರ)ರ ಜೊತೆ ಓಟದ ಪಂದ್ಯ ಕಟ್ಟಿದರು. ಆಯಿಶಾ ಗೆದ್ದರು. ವರ್ಷಗಳ ನಂತರ ಮತ್ತೆ ಓಡಿದಾಗ ಪ್ರವಾದಿವರ್ಯರು ಗೆದ್ದು, ಇದು ಅಂದಿನದಕ್ಕೆ ಸಮನಾಯಿತೆಂದರು. ಅಲ್ಲಿ ಯಾರೂ ಸೋತುಕೊಡಲಿಲ್ಲ, ಯಾರ ಮನಸ್ಸೂ ಮುರಿಯಲಿಲ್ಲ. ಪ್ರವಾದಿಯವರ ಅದ್ಬಾ ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಂದು ದಿನ ಬದವಿಯೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ದಾಟಿಹೋದ. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಯಾವುದೇ ಇರಲಿ, ಅದನ್ನು ಒಮ್ಮೆ ಇಳಿಸುವುದು ಅಲ್ಲಾಹನ ಹಕ್ಕು ಎಂದು ಪ್ರವಾದಿ(ಸ) ಸಮಾಧಾನ ಹೇಳಿದರು. ಗೆಲುವನ್ನು ಬೇಡವೆನ್ನದೆ ಅದನ್ನು ಹಗುರವಾಗಿ ಹಿಡಿಯುವ ರೀತಿ ಇದು.

ಹಾಗಿದ್ದರೆ ತಪ್ಪು ಎಲ್ಲಿದೆ? ಮುಂದಿರುವವನು ಗಾಳಿಗೆ ಎದೆ ಕೊಡುವ ಕೆಲಸ ಹೊರಗಿನಿಂದ ಯಾವಾಗಲೂ ಒಂದೇ ರೀತಿ ಕಾಣುತ್ತದೆ. ಒಳಗಿನ ನಿಯ್ಯತ್ತು, ಒಪ್ಪಂದಗಳು ಬೇರೆ ಬೇರೆ. ಕೆಲವೊಮ್ಮೆ ಅದು ತಂತ್ರ, ಕೆಲವೊಮ್ಮೆ ದುಡಿಮೆ, ಕೆಲವೊಮ್ಮೆ ಕೊಡುಗೆ. 1934ರ ಟೂರ್ ಡಿ ಫ್ರಾನ್ಸಿನಲ್ಲಿ ರೆನೆ ವಿಯೆತ್ತೊ ಎಂಬ ಇಪ್ಪತ್ತು ವರ್ಷದ ಹುಡುಗ ಪರ್ವತದ ಹಾದಿಗಳಲ್ಲಿ ಎಲ್ಲರನ್ನೂ ಬೆರಗುಗೊಳಿಸುತ್ತಿದ್ದ. ಪಿರನೀಸ್ ಬೆಟ್ಟಗಳಲ್ಲಿ ಅವನ ತಂಡದ ನಾಯಕ ಆಂತೋನಿನ್ ಮಾಞ್‌ನ ಚಕ್ರ ಮುರಿಯಿತು. ವಿಯೆತ್ತೊ ತನ್ನ ಚಕ್ರ ಬಿಚ್ಚಿ ಕೊಟ್ಟು, ತನಗೆ ಬೇರೆ ಚಕ್ರ ಬರುವವರೆಗೆ ರಸ್ತೆ ಬದಿಯ ಮೋಟು ಗೋಡೆಯ ಮೇಲೆ ಕೂತು ಅತ್ತ. ಮರುದಿನ ನಾಯಕನ ಸೈಕಲ್ ಮತ್ತೆ ಕೆಟ್ಟಾಗ, ಮುಂದೆ ಹೋಗಿದ್ದವನು ಬಂದ ದಾರಿಯಲ್ಲೇ ಹಿಂದಿರುಗಿ ತನ್ನ ಸೈಕಲ್ಲನ್ನೇ ಕೊಟ್ಟ. ಆ ವರ್ಷ ಮಾಞ್ ಗೆದ್ದ. ವಿಯೆತ್ತೊ ಐದನೆಯವನಾದ, ಮುಂದೆಯೂ ಆ ಟೂರನ್ನು ಎಂದೂ ಗೆಲ್ಲಲಿಲ್ಲ. ವಿಜೇತರ ಪಟ್ಟಿಯಲ್ಲಿ ಇರುವುದು ಮಾಞ್‌ನ ಹೆಸರು. ಆದರೆ ಆ ವರ್ಷದ ಟೂರ್ ಎಂದರೆ ಜನರು ನೆನೆಯುವುದು ಗೋಡೆಯ ಮೇಲೆ ಕೂತ ಹುಡುಗನ ಚಿತ್ರವನ್ನು.

ಗಾಳಿ ಸೀಳಿದವನಿಗೂ ಪಾಲು ಕೊಡುವ ನಿಯಮವಿರುವ ಸ್ಪರ್ಧೆಯೂ ಇದೆ. ವೆಲೊಡ್ರೋಮಿನಲ್ಲಿ ನಡೆಯುವ ಪುರುಷರ ಟೀಮ್ ಸ್ಪ್ರಿಂಟಿನಲ್ಲಿ ಮೂವರು ಒಟ್ಟಿಗೆ ಹೊರಡುತ್ತಾರೆ. ಮೊದಲಿನವನು ಒಂದು ಸುತ್ತು ಮುಂದೆ ತುಳಿದು ಬದಿಗೆ ಸರಿಯುತ್ತಾನೆ. ಎರಡನೆಯವನು ಮತ್ತೊಂದು ಸುತ್ತು ಎಳೆದು ಸರಿಯುತ್ತಾನೆ. ಗುರಿ ಮುಟ್ಟುವವನು ಮೂರನೆಯವನೊಬ್ಬನೇ, ಲೆಕ್ಕಕ್ಕೆ ಹಿಡಿಯುವುದೂ ಅವನ ಸಮಯವನ್ನೇ. ಆದರೆ ಪದಕ ಮೂವರಿಗೂ. 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಅನ್ ಡೆರ್ ಓಡರ್ ನಗರದಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹುಡುಗರು ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಂಡಮಾನ್ ನಿಕೋಬಾರಿನ ಎಸೊ ಆಲ್ಬೆನ್, ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್, ಮೂವರೂ ಹದಿಹರೆಯದವರು. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್‌ನ ತವರೆನಿಸಿದ ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳಿಗೆ ಸೇರುವವರಲ್ಲಿ ಹೆಚ್ಚಿನವರು ರೈತರ, ಕೂಲಿಯವರ ಮಕ್ಕಳು. ಒಂದೇ ರಸ್ತೆಯಲ್ಲಿ ಸರದಿಯಂತೆ ಗಾಳಿಗೆ ಮುಖ ಕೊಡುತ್ತಾ ಅವರು ಬೆಳೆಯುತ್ತಾರೆ. ಒಬ್ಬನೇ ಅಭ್ಯಾಸ ಮಾಡಿ ಸೈಕಲ್ ಸವಾರನಾದವನು ಎಲ್ಲಿಯೂ ಇಲ್ಲ.

ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ನಮ್ಮ ಭಾಗದವರಿಗೆಲ್ಲ ಗೊತ್ತು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್, ಟಿಪ್ಪು ಸೈನ್ಯಗಳ ಫಿರಂಗಿ, ಸರಂಜಾಮುಗಳನ್ನು ಬಿರುಸಾಗಿ ಎಳೆದವು ಈ ಎತ್ತುಗಳು. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಭಾರ ತಪ್ಪಿಸಿಕೊಂಡರೆ ರೈತನಿಗೆ ಕೂಡಲೇ ತಿಳಿಯುತ್ತದೆ, ನೊಗ ವಾಲುತ್ತದೆ. ಮನುಷ್ಯರ ನಡುವಿನ ನೊಗ ಕಣ್ಣಿಗೆ ಕಾಣುವುದಿಲ್ಲ. ಅದು ವಾಲಿದ್ದು ಹೊತ್ತವನಿಗೆ ಮಾತ್ರ ಗೊತ್ತು, ಹೊರದವನಿಗೆ ತಿಳಿಯಬೇಕಾದರೆ ಅವನಾಗಿಯೇ ತಿರುಗಿ ನೋಡಬೇಕು.

ಸೊಸೆಮಗನಿಗೋ ಅಳಿಯನಿಗೋ ಉತ್ತರ ಹೇಳುವ ಮೊದಲು ನಾನು ನನ್ನ ಬಾಕಿ ತೀರಿಸಬೇಕೆನಿಸಿತು. ಹುಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಸಲ್ಲಬೇಕಾದ ಹಕ್ಕುಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಒಂದು ಮಾತು ಒತ್ತಿ ಹೇಳುತ್ತಾರೆ. ಅಲ್ಲಾಹನ ಹಕ್ಕಿನಲ್ಲಿ ಆದ ಲೋಪಕ್ಕೆ ಅಲ್ಲಾಹನಲ್ಲಿ ಕ್ಷಮೆ ಕೇಳಬಹುದು. ಮನುಷ್ಯನ ಹಕ್ಕಿನಲ್ಲಿ ಆದ ಲೋಪಕ್ಕೆ ಆ ಮನುಷ್ಯನ ಹತ್ತಿರವೇ ಹೋಗಬೇಕು. ಒಂದು ಭಾನುವಾರ ಬೀರೂರಿನಲ್ಲಿ ಗಾಡಿ ಬದಲಿಸಿ ಅಜ್ಜಂಪುರಕ್ಕೆ ಹೋದೆ.

ಗೆಳೆಯ ಈಗ ಈರುಳ್ಳಿ ವ್ಯಾಪಾರ ಮಾಡುತ್ತಾನೆ, ತನ್ನದೇ ಲಗೇಜ್ ಆಟೋ ಇದೆ. ಟೀ ತರಿಸಿದ. ನಾನು ತಡವರಿಸುತ್ತಾ ವಿಷಯ ಹೇಳಿದೆ. ಅವನು ಜೋರಾಗಿ ನಕ್ಕ.

"ಲೇ, ಅದನ್ನ ಇನ್ನೂ ಹೊತ್ಕೊಂಡು ತಿರುಗ್ತಿದ್ದೀಯೇನೋ? ನೀನು ಹಿಂದೆ ಬಂದು ಗೆದ್ದಿದ್ದಕ್ಕೆ ನಂಗೇನೂ ಬೇಜಾರಿರಲಿಲ್ಲ ಕಣೋ. ನೀನು ಹಿಂದೆ ಇದ್ದೀಯ ಅಂತಲೇ ನಾನು ಅಷ್ಟು ಜೋರು ತುಳಿದಿದ್ದು. ಒಬ್ನೇ ಇದ್ದಿದ್ರೆ ಶಿವಪುರದ ಕಡೆಗೋ ಎಲ್ಲಿಗೋ ತಿರುಗಿಸ್ಕೊಂಡು ಮನೆಗೆ ಹೋಗ್ತಿದ್ದೆ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಲೋಟ ಕೆಳಗಿಟ್ಟು ಹೇಳಿದ:

"ಮೈಕಲ್ಲಿ ಕೇಳಿದ್ರಲ್ಲ, ಆವಾಗ ಒಂದು ಮಾತು ಹೇಳಬಹುದಿತ್ತು ನೀನು. ನನ್ನ ಹೆಸರು ಹೇಳಬಹುದಿತ್ತು. ಅಪ್ಪ ಮೂಟೆ ಇಳಿಸೋದು ಬಿಟ್ಟು ನೋಡೋಕೆ ಬಂದಿದ್ರು."

ಅವನ ತಂದೆ ಅಲ್ಲಿದ್ದರೆಂಬುದು ನನಗೆ ಅಂದು ಗೊತ್ತೇ ಇರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಉರ್ದು ಶಾಲೆಯ ದಿನಗಳ ಒಂದು ಪದ ನೆನಪಾಯಿತು. ಉಪಕಾರ ನೆನೆಯದಿರುವುದಕ್ಕೆ ಉರ್ದುವಿನಲ್ಲಿ 'ಕುಫ್ರಾನೆ ನೇಮತ್' ಎನ್ನುತ್ತಾರೆ. 'ಕುಫ್ರ್' ಎಂಬ ಅರಬಿ ಪದದ ಮೂಲ ಅರ್ಥ ಮುಚ್ಚುವುದು. ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತನಿಗೂ ಅದೇ ಧಾತುವಿನ ಪದವನ್ನು ಕುರ್‌ಆನ್ ಒಂದು ಕಡೆ ಬಳಸಿದೆ. ಅದರ ವಿರುದ್ಧ ಪದ 'ಶುಕ್ರ್'. ಅಂದರೆ ಕೃತಘ್ನತೆ ಎಂಬುದು ಮರೆವಲ್ಲ, ಅದು ಒಂದು ಕ್ರಿಯೆ. ಪಡೆದದ್ದನ್ನು ಕಾಣದಂತೆ ಮುಚ್ಚುವ ಕೆಲಸ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬ ಆಶಯದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ನಾನು ಆ ದಿನ ರಸ್ತೆಯಲ್ಲಿ ಮಾಡಿದ್ದು ಹೆಚ್ಚೆಂದರೆ ಜಿಪುಣತನ. ಗೆಳೆಯ ತಿರುಗಿ ನೋಡಿದಾಗ ಒಂದು ಸರದಿ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ವೇದಿಕೆಯ ಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡದು. ಅವನು ನನಗಾಗಿ ಸೀಳಿದ ಗಾಳಿಯ ಮೇಲೆ ನನ್ನ ಧೈರ್ಯದ ಚಾದರ ಹೊದಿಸಿ ಮುಚ್ಚಿಬಿಟ್ಟೆ.

ಗೆಲುವು ನನ್ನದು ಎನ್ನುವುದಕ್ಕೂ ಗೆಲುವು ನನ್ನದು ಮಾತ್ರ ಎನ್ನುವುದಕ್ಕೂ ಇರುವ ವ್ಯತ್ಯಾಸ ಒಂದೇ ಪದದ್ದು. ಮೊದಲನೆಯದು ನಿಜ. ಎರಡನೆಯದು ಯಾವ ರೇಸಿನಲ್ಲೂ ನಿಜವಲ್ಲ.

ನನ್ನ ಸೈಕಲ್ ಹೇಗೆ ಬಂತೆಂದು ಹೇಳುವುದಾಗಿ ಮೊದಲೇ ಹೇಳಿದ್ದೆ. ನನ್ನ ಅಕ್ಕ, ನಾವು ಆಪಾ ಎನ್ನುತ್ತೇವೆ, ಓದಿನಲ್ಲಿ ನನಗಿಂತ ಚುರುಕು. ಏಳನೆಯ ತರಗತಿಗೆ ಅವಳ ಶಾಲೆ ನಿಂತಿತು. ಹೈಸ್ಕೂಲು ದೂರವಿತ್ತು, ಹೆಣ್ಣು ಹುಡುಗಿ ಅಷ್ಟು ದೂರ ಹೋಗುವುದು ಹೇಗೆ ಎಂದರು. ಅವಳು ಹೊಲಿಗೆ ಕಲಿತಳು. ಊರವರ ರವಿಕೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಅಬ್ಬಾ ಸೈಕಲ್ ತಂದರು. ಸೈಕಲ್ ಬಂದದ್ದು ನನಗೆ, ಅದೇ ದೂರದ ಹೈಸ್ಕೂಲಿಗೆ ಹೋಗಲು. ಆ ಸೈಕಲ್ಲನ್ನು ಅವಳಿಗೇ ಕೊಟ್ಟಿದ್ದರೆ ದೂರ ಎಂಬ ಕಾರಣವೇ ಇರುತ್ತಿರಲಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲೇ ಇಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ತಲೆವಸ್ತ್ರ ಧರಿಸಿದ ಹುಡುಗಿಯರು ಗುಂಪು ಗುಂಪಾಗಿ ಸೈಕಲ್ ತುಳಿದು ಶಾಲೆಗೆ ಹೋಗುವುದನ್ನು ಆಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ.

ನಮ್ಮ ಸಮುದಾಯದಲ್ಲಿ ಓದಿ ಮುಂದೆ ಬಂದ ಯಾರನ್ನು ಬೇಕಾದರೂ ಕೇಳಿ ನೋಡಿ. ಅವರ ಹಿಂದೆ, ಅಲ್ಲ, ಅವರ ಮುಂದೆ, ಒಬ್ಬ ಅಣ್ಣ ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜು ಸೇರಿರುತ್ತಾನೆ, ಒಬ್ಬಳು ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಗಾಳಿಯನ್ನು ಅವರು ಸೀಳಿರುತ್ತಾರೆ. ಸನ್ಮಾನ ಸಭೆಯಲ್ಲಿ ಶಾಲು ಹೊದ್ದು ನಾವು ಸ್ವಂತ ಪರಿಶ್ರಮದ ಮಾತಾಡುತ್ತೇವೆ. ಪರಿಶ್ರಮ ಇದ್ದದ್ದು ಸುಳ್ಳಲ್ಲ. ಉಳಿದದ್ದನ್ನು ಮುಚ್ಚಿದ್ದು ಮಾತ್ರ ತಪ್ಪು.

ಇಷ್ಟಾದ ಮೇಲೆ ಹುಡುಗನಿಗೆ ಫೋನು ಮಾಡಿ ಹೇಳಿದೆ: ನೀನು ಗೆದ್ದದ್ದು ತಪ್ಪಲ್ಲ, ಹೆಲ್ಮೆಟ್ ಧಾರಾಳವಾಗಿ ಹಾಕಿಕೋ, ತಲೆ ಮುಖ್ಯ. ಆದರೆ ಅಭ್ಯಾಸದಲ್ಲಿ ದಿನವೂ ಸರದಿ ಹಂಚಿಕೊಂಡವನ ಜೊತೆ ರೇಸಿನ ದಿನ ಒಂದು ಸರದಿಯನ್ನೂ ಹೊರಲಿಲ್ಲವಲ್ಲ, ಆ ಬಾಕಿ ನಿನ್ನ ಮೇಲಿದೆ. ಅವನ ಮನೆಗೆ ಹೋಗು. ನಾನು ಗೆದ್ದದ್ದು ನೀನು ಮುಂದೆ ತುಳಿದದ್ದರಿಂದ ಎಂದು ಅವನ ತಂದೆ ತಾಯಿಗೆ ಕೇಳಿಸುವಂತೆ ಹೇಳು. ಮುಂದಿನ ರೇಸಿನಲ್ಲಿ ಗೆಲ್ಲಲು ನೋಡು, ಆದರೆ ಅವನು ತಿರುಗಿ ನೋಡಿದಾಗ ಕಾಣದವನಂತೆ ಇರಬೇಡ.

"ಅಷ್ಟೇನಾ ಮಾಮೂ?" ಎಂದ.

"ಇನ್ನೊಂದಿದೆ. ಮೊದಲು ನಿನ್ನ ಅಮ್ಮೀಗೆ ಫೋನು ಕೊಡು."

ಆಪಾ ಫೋನು ಹಿಡಿದಳು. ಮೂವತ್ತು ವರ್ಷ ತಡವಾದ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. ಆ ಸೈಕಲ್ಲಿನ ವಿಷಯ ಎತ್ತಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದಳು:

"ಅದರ ಬಣ್ಣ ಹಸಿರು. ನೆನಪಿದೆಯಾ ನಿನಗೆ?"

ನನಗೆ ನೆನಪಿರಲಿಲ್ಲ. ಅವಳಿಗೆ ನೆನಪಿತ್ತು.